ವಿದ್ಯುತ್ ವಾಹನಕ್ಕೆ ಸರ್ಕಾರ ಕೊಡುವುದೇನು, ಕೇಳುವುದೇನು

ತುಮಕೂರಿನ ನಮ್ಮ ಅಕ್ಕನ ಮನೆಯಲ್ಲಿ ಎರಡು ವಿದ್ಯುತ್ ಸ್ಕೂಟರ್‌ಗಳಿವೆ. ಭಾವ 2022ರ ಆರಂಭದಲ್ಲಿ ಒಂದನ್ನು ಕೊಂಡರು. ಓದು ಮುಗಿಸಿ ಕೆಲಸಕ್ಕೆ ಸೇರಿದ ಅಕ್ಕನ ಮಗಳು 2025ರ ಜೂನ್‌ನಲ್ಲಿ ಇನ್ನೊಂದನ್ನು ಕೊಂಡಳು. ಎರಡರ ಬ್ಯಾಟರಿಯೂ 3 ಕಿಲೋವ್ಯಾಟ್ ಅವರ್ ಸಾಮರ್ಥ್ಯದ್ದು. ಒಂದು ಭಾನುವಾರ ಎರಡೂ ಬಿಲ್ಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಭಾವನ ಬಿಲ್ಲಿನಲ್ಲಿ ‘ಫೇಮ್ ಸಬ್ಸಿಡಿ’ ಎಂಬ ಸಾಲಿನ ಎದುರು 45,000 ರೂಪಾಯಿ ಕಳೆದಿತ್ತು. ಮಗಳ ಬಿಲ್ಲಿನಲ್ಲಿ ಅದೇ ಜಾಗದಲ್ಲಿ ‘ಪಿಎಂ ಇ-ಡ್ರೈವ್’ ಎಂದು ಬರೆದು 5,000 ರೂಪಾಯಿ ಮಾತ್ರ ಕಳೆದಿತ್ತು. ‘ಶೋರೂಮಿನವರು ನನಗೆ ಟೋಪಿ ಹಾಕಿದ್ರಾ ಮಾವ?’ ಎಂದು ಅವಳು ಕೇಳಿದಳು.

ಯಾರೂ ಟೋಪಿ ಹಾಕಿರಲಿಲ್ಲ. ಎರಡೂ ಬಿಲ್ಲುಗಳು ಆಯಾ ದಿನದ ನಿಯಮಕ್ಕೆ ಸರಿಯಾಗಿಯೇ ಇದ್ದವು. ವಿದ್ಯುತ್ ವಾಹನದ ಬೆಲೆಯನ್ನು ಕಂಪನಿ ಒಂದೇ ನಿರ್ಧರಿಸುವುದಿಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿದೆ. ಆದರೆ ಆ ಬೆಲೆಯ ಯಾವ ಭಾಗ ಯಾರ ಕೈಯಲ್ಲಿದೆ, ಯಾವ ರಿಯಾಯಿತಿ ಎಂದಿಗೆ ಮುಗಿಯುತ್ತದೆ, ಒಂದು ರಿಯಾಯಿತಿ ಹೋದಾಗ ಯಾರನ್ನು ಕೇಳಬೇಕು ಎಂಬುದು ಕೊಳ್ಳುವವರಿಗಷ್ಟೇ ಅಲ್ಲ, ಎಷ್ಟೋ ಸಲ ಮಾರುವವರಿಗೂ ಸ್ಪಷ್ಟವಿರುವುದಿಲ್ಲ. ಈ ಗೊಂದಲಕ್ಕೆ ಕಾರಣ ನಮ್ಮ ಸಂವಿಧಾನದ ಅಧಿಕಾರ ಹಂಚಿಕೆಯಲ್ಲೇ ಇದೆ. ವಾಹನಗಳ ಮೇಲಿನ ತೆರಿಗೆ ರಾಜ್ಯಪಟ್ಟಿಯಲ್ಲಿದೆ. ಮೋಟಾರು ವಾಹನಗಳ ನಿಯಂತ್ರಣ ಮತ್ತು ವಿದ್ಯುಚ್ಛಕ್ತಿ ಎರಡೂ ಕೇಂದ್ರ, ರಾಜ್ಯಗಳೆರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. ಜಿಎಸ್‌ಟಿಯ ದರವನ್ನು ಕೇಂದ್ರ ಮತ್ತು ರಾಜ್ಯಗಳೆರಡೂ ಕೂತಿರುವ ಮಂಡಳಿ ಗೊತ್ತುಮಾಡುತ್ತದೆ. ಸಹಾಯಧನವನ್ನು ಕೇಂದ್ರದ ಬೃಹತ್ ಕೈಗಾರಿಕೆಗಳ ಸಚಿವಾಲಯ ಕೊಡುತ್ತದೆ. ಹೀಗೆ ಒಂದು ಸ್ಕೂಟರ್ ಶೋರೂಮಿನಿಂದ ಮನೆಯಂಗಳಕ್ಕೆ ಬರುವಷ್ಟರಲ್ಲಿ ನಾಲ್ಕೈದು ಕಚೇರಿಗಳ ಆದೇಶಗಳನ್ನು ಹಾದು ಬಂದಿರುತ್ತದೆ.

ಮೆಟ್ಟಿಲಿಳಿದ ಸಹಾಯಧನ

ಕೇಂದ್ರದ ನೆರವು ‘ಫೇಮ್’ ಎಂಬ ಹೆಸರಿನಲ್ಲಿ 2015ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಅದರ ಎರಡನೆಯ ಹಂತ 10,000 ಕೋಟಿ ರೂಪಾಯಿ ಮೊತ್ತದೊಂದಿಗೆ 2019ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಲೆಕ್ಕದ ಆಧಾರ ಬ್ಯಾಟರಿಯ ಗಾತ್ರ: ಒಂದು ಕಿಲೋವ್ಯಾಟ್ ಅವರ್‌ಗೆ, ಅಂದರೆ ಮನೆಯ ಮೀಟರಿನ ಭಾಷೆಯಲ್ಲಿ ಒಂದು ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿಗೆ, ಇಷ್ಟು ರೂಪಾಯಿ ಎಂದು. ಆ ಮೊತ್ತ ವಾಹನದ ಕಾರ್ಖಾನೆ ಬೆಲೆಯ ಇಂತಿಷ್ಟು ಶೇಕಡಾವನ್ನು ಮೀರಬಾರದು ಎಂಬ ಮಿತಿಯೂ ಜೊತೆಗಿತ್ತು. ಆರಂಭದಲ್ಲಿ ಯೂನಿಟ್‌ಗೆ 10,000 ರೂಪಾಯಿ ಇದ್ದ ದರವನ್ನು ದ್ವಿಚಕ್ರ ವಾಹನಗಳಿಗೆ 2021ರ ಜೂನ್‌ನಲ್ಲಿ 15,000ಕ್ಕೆ ಏರಿಸಿ, ಮಿತಿಯನ್ನು ಕಾರ್ಖಾನೆ ಬೆಲೆಯ ಶೇ 40ಕ್ಕೆ ಎತ್ತಲಾಯಿತು. ಭಾವನಿಗೆ ಸಿಕ್ಕ 45,000 ರೂಪಾಯಿ ಬಂದದ್ದು ಇಲ್ಲಿಂದ: ಮೂರು ಯೂನಿಟ್, ತಲಾ 15,000.

ಆಮೇಲಿನದು ಒಂದೇ ದಿಕ್ಕಿನ ಇಳಿಜಾರು. 2023ರ ಜೂನ್ 1ರಿಂದ ದರ ಮತ್ತೆ 10,000ಕ್ಕೆ, ಮಿತಿ ಶೇ 15ಕ್ಕೆ ಇಳಿಯಿತು. ಕಾರ್ಖಾನೆ ಬೆಲೆ 1.3 ಲಕ್ಷ ರೂಪಾಯಿ ಇರುವ ಸ್ಕೂಟರಿಗೆ ಅದು 19,500 ರೂಪಾಯಿ. ಫೇಮ್ ಎರಡನೆಯ ಹಂತ 2024ರ ಮಾರ್ಚ್ 31ಕ್ಕೆ ಮುಗಿದು, ಕೆಲವು ತಿಂಗಳ ಮಟ್ಟಿಗೆ ಬಂದ ತಾತ್ಕಾಲಿಕ ಯೋಜನೆಯಲ್ಲಿ ಯೂನಿಟ್‌ಗೆ 5,000, ಒಂದು ವಾಹನಕ್ಕೆ ಗರಿಷ್ಠ 10,000 ರೂಪಾಯಿ ಎಂದಾಯಿತು. 2024ರ ಅಕ್ಟೋಬರ್ 1ರಂದು ಬಂದ 10,900 ಕೋಟಿಯ ಪಿಎಂ ಇ-ಡ್ರೈವ್ ಮೊದಲ ವರ್ಷ ಅದೇ ದರವನ್ನು ಮುಂದುವರಿಸಿ, 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 2,500, ವಾಹನಕ್ಕೆ ಗರಿಷ್ಠ 5,000 ರೂಪಾಯಿಗೆ ಇಳಿಸಿತು. ಅಕ್ಕನ ಮಗಳ ಬಿಲ್ಲಿನಲ್ಲಿದ್ದ ಅಂಕಿ ಇದೇ. 2025ರ ಆಗಸ್ಟ್‌ನಲ್ಲಿ ಈ ಯೋಜನೆಯನ್ನು 2028ರ ಮಾರ್ಚ್‌ವರೆಗೆ ವಿಸ್ತರಿಸಿದಾಗಲೂ ಸ್ಕೂಟರ್ ಮತ್ತು ಮೂರು ಚಕ್ರದ ವಾಹನಗಳ ಸಹಾಯಧನಕ್ಕಿದ್ದ 2026ರ ಮಾರ್ಚ್ 31ರ ಗಡಿಯನ್ನು ಹಾಗೆಯೇ ಉಳಿಸಲಾಯಿತು.

ಈ ಹಣ ಕೊಳ್ಳುವವರ ಬ್ಯಾಂಕ್ ಖಾತೆಗೆ ಬರುವುದಿಲ್ಲ. ಶೋರೂಮಿನವರು ಬಿಲ್ಲಿನಲ್ಲೇ ಅದನ್ನು ಕಳೆಯುತ್ತಾರೆ, ಆಮೇಲೆ ತಯಾರಕ ಕಂಪನಿ ಕೇಂದ್ರದಿಂದ ಅದನ್ನು ಪಡೆದುಕೊಳ್ಳುತ್ತದೆ. ಪಿಎಂ ಇ-ಡ್ರೈವ್‌ನಲ್ಲಿ ಕೊಳ್ಳುವವರ ಆಧಾರ್ ದೃಢೀಕರಿಸಿ, ಮೊಬೈಲ್‌ಗೆ ಒಂದು ಇ-ವೋಚರ್ ಕಳಿಸಿ, ಅದಕ್ಕೆ ಸಹಿ ಹಾಕಿಸಿಕೊಂಡು, ವಾಹನದ ಜೊತೆಗಿನ ಸೆಲ್ಫಿಯನ್ನೂ ಸೇರಿಸುವ ಕ್ರಮ ಬಂತು. ಇಷ್ಟು ಬಿಗಿ ಯಾಕೆ ಬೇಕಾಯಿತು ಎಂಬುದಕ್ಕೆ ಹಿಂದಿನ ಯೋಜನೆಯ ಅನುಭವ ಉತ್ತರ ಹೇಳುತ್ತದೆ. ಫೇಮ್‌ನಲ್ಲಿ 1.5 ಲಕ್ಷ ರೂಪಾಯಿಗಿಂತ ಹೆಚ್ಚಿನ ಕಾರ್ಖಾನೆ ಬೆಲೆಯ ದ್ವಿಚಕ್ರ ವಾಹನಕ್ಕೆ ಸಹಾಯಧನ ಇರಲಿಲ್ಲ. ಕೆಲವು ಕಂಪನಿಗಳು ಆ ಗೆರೆಯೊಳಗೆ ಉಳಿಯಲು ಚಾರ್ಜರನ್ನೂ ಸಾಫ್ಟ್‌ವೇರನ್ನೂ ಬೇರೆ ಬಿಲ್ಲಿನಲ್ಲಿ ಮಾರಿದವು. ಚಾರ್ಜರ್ ಇಲ್ಲದ ಸ್ಕೂಟರ್ ಯಾರಿಗೂ ಬೇಡವಾದ್ದರಿಂದ ಕೊಳ್ಳುವವರು ಎರಡೂ ಬಿಲ್ಲಿಗೆ ಹಣ ಕಟ್ಟಿದರು. ಕೇಂದ್ರ 2023ರಲ್ಲಿ ವಿಚಾರಣೆ ನಡೆಸಿದ ಮೇಲೆ ಚಾರ್ಜರಿನ ಹಣವನ್ನು ಗ್ರಾಹಕರಿಗೆ ಮರಳಿಸಬೇಕಾಯಿತು. ದೇಶದೊಳಗೆ ಮಾಡಿಸಬೇಕಾದ ಬಿಡಿಭಾಗಗಳನ್ನು ಹೊರಗಿನಿಂದ ತಂದು ಜೋಡಿಸಿದ ಆರೋಪದ ಮೇಲೆ ಇನ್ನೂ ಕೆಲವು ಕಂಪನಿಗಳ ಸಹಾಯಧನವನ್ನೇ ತಡೆಹಿಡಿಯಲಾಯಿತು. ಬೆಲೆಗೆ ಒಂದು ಗೆರೆ ಎಳೆದು ಆ ಗೆರೆಯ ಈಚೆಗೆ ಪೂರ್ತಿ ನೆರವು, ಆಚೆಗೆ ಸೊನ್ನೆ ಎಂದು ನಿಯಮ ಬರೆದರೆ, ಮಾರುಕಟ್ಟೆಯ ಜಾಣ್ಮೆಯೆಲ್ಲ ಆ ಗೆರೆಯ ಸುತ್ತಲೇ ಸೇರಿಕೊಳ್ಳುತ್ತದೆ. ಇದೇ ದೋಷ ನಮ್ಮ ರಾಜ್ಯದ ತೆರಿಗೆಯಲ್ಲೂ ಕಾಣಿಸಿಕೊಂಡಿತು. ಅದನ್ನು ಮುಂದೆ ಹೇಳುತ್ತೇನೆ.

ಖಾಸಗಿ ಬಳಕೆಯ ಕಾರಿಗೆ ಮಾತ್ರ ಫೇಮ್ ಎರಡನೆಯ ಹಂತದಲ್ಲೂ ಪಿಎಂ ಇ-ಡ್ರೈವ್‌ನಲ್ಲೂ ಸಹಾಯಧನ ಇಲ್ಲ. ಕಾರು ಕೊಳ್ಳುವವರಿಗೆ ಸಿಕ್ಕದ್ದು ತೆರಿಗೆಯ ಕಡೆಯಿಂದ. ವಿದ್ಯುತ್ ವಾಹನಗಳ ಜಿಎಸ್‌ಟಿ 2019ರ ಆಗಸ್ಟ್ 1ರಂದು ಶೇ 12ರಿಂದ ಶೇ 5ಕ್ಕೆ ಇಳಿಯಿತು. 2019ರ ಏಪ್ರಿಲ್‌ನಿಂದ 2023ರ ಮಾರ್ಚ್ ಒಳಗೆ ಮಂಜೂರಾದ ವಿದ್ಯುತ್ ವಾಹನ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ಆದಾಯ ತೆರಿಗೆಯ 80ಇಇಬಿ ಸೆಕ್ಷನ್ ಅಡಿ ಕಡಿತವೂ ಇತ್ತು, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಆ ಗಡುವು ಮುಗಿದ ಮೇಲೆ ಪಡೆದ ಸಾಲಕ್ಕೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಮೂರನೆಯ ವ್ಯಕ್ತಿಯ ವಿಮೆಯ ಕಂತಿನಲ್ಲಿ ಶೇ 15ರ ರಿಯಾಯಿತಿ 2022ರ ಅಧಿಸೂಚನೆಯಿಂದ ಬಂದದ್ದು; ವಿಮೆ ನವೀಕರಿಸುವಾಗ ಅದು ಲೆಕ್ಕಕ್ಕೆ ಬಂದಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಜಿಎಸ್‌ಟಿಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಂದು ಸಣ್ಣ ಪೆಟ್ರೋಲ್ ಕಾರುಗಳ ಮತ್ತು 350 ಸಿಸಿವರೆಗಿನ ಬೈಕು, ಸ್ಕೂಟರ್‌ಗಳ ಜಿಎಸ್‌ಟಿಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಲಾಯಿತು. ವಿದ್ಯುತ್ ವಾಹನದ ದರ ಶೇ 5ರಲ್ಲೇ ಉಳಿಯಿತು. ಆದರೆ ಎರಡರ ನಡುವಿನ ಅಂತರ 23ರಿಂದ 13ಕ್ಕೆ ಕುಗ್ಗಿತು. ವಿದ್ಯುತ್ ವಾಹನದ ಒಂದು ನಿಯಮವನ್ನೂ ಮುಟ್ಟದೆ ಅದಕ್ಕಿದ್ದ ಅನುಕೂಲವನ್ನು ಕಡಿಮೆ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಕರ್ನಾಟಕದ ದಾರಿ

ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. 2017ರ ಸೆಪ್ಟೆಂಬರ್‌ನಲ್ಲಿ ಬಂದ ಆ ನೀತಿಯ ಗುರಿ 31,000 ಕೋಟಿ ರೂಪಾಯಿ ಹೂಡಿಕೆ ಮತ್ತು 55,000 ಉದ್ಯೋಗ. ಗುರಿಯನ್ನು ಗಮನಿಸಿದರೆ ಸಾಕು, ಇದು ಯಾರಿಗಾಗಿ ಬರೆದ ನೀತಿ ಎಂಬುದು ತಿಳಿಯುತ್ತದೆ. ಅದರಲ್ಲಿ ಕಾರ್ಖಾನೆ ಕಟ್ಟುವವರಿಗೆ ಮುದ್ರಾಂಕ ಶುಲ್ಕದ ವಿನಾಯಿತಿ, ಭೂಪರಿವರ್ತನೆಯ ಶುಲ್ಕದಲ್ಲಿ ನೆರವು ಇತ್ಯಾದಿಗಳಿದ್ದವು. 2021ರ ತಿದ್ದುಪಡಿಯಲ್ಲಿ ಸ್ಥಿರಾಸ್ತಿ ಹೂಡಿಕೆಯ ಶೇ 15ರಷ್ಟನ್ನು ಐದು ವಾರ್ಷಿಕ ಕಂತುಗಳಲ್ಲಿ ಸಹಾಯಧನವಾಗಿ ಕೊಡುವ ಅವಕಾಶ ಸೇರಿತು. ಸ್ಕೂಟರ್ ಕೊಳ್ಳುವವರ ಕೈಗೆ ನೇರ ಹಣ ಕೊಡುವ ಮಾತು ಇರಲಿಲ್ಲ. ದೆಹಲಿ 2020ರ ಆಗಸ್ಟ್‌ನ ತನ್ನ ನೀತಿಯಲ್ಲಿ ಬ್ಯಾಟರಿಯ ಯೂನಿಟ್‌ಗೆ 5,000ದಂತೆ ದ್ವಿಚಕ್ರ ವಾಹನಕ್ಕೆ 30,000 ರೂಪಾಯಿವರೆಗೆ ಕೊಟ್ಟಿತು. ಕೇಂದ್ರದ ನೆರವಿನ ಮೇಲೆ ಇದು ಹೆಚ್ಚುವರಿ. ದೊಡ್ಡ ವಾಹನ ಕಾರ್ಖಾನೆಗಳಿಲ್ಲದ, ಹೊಗೆಯಿಂದ ಉಸಿರುಗಟ್ಟಿರುವ ನಗರ ಕೊಳ್ಳುವವರನ್ನು ಓಲೈಸಿತು. ಎಂಜಿನಿಯರಿಂಗ್ ಉದ್ಯಮ ಬೇರೂರಿರುವ ರಾಜ್ಯ ತಯಾರಕರನ್ನು ಓಲೈಸಿತು.

ನಮ್ಮ ಆಯ್ಕೆ ತಪ್ಪೆಂದು ನಾನು ಹೇಳುವುದಿಲ್ಲ. ದೇಶದ ಮೊದಲ ವಿದ್ಯುತ್ ಕಾರುಗಳಲ್ಲಿ ಒಂದಾದ ರೇವಾ 2001ರಲ್ಲಿ ರಸ್ತೆಗಿಳಿದದ್ದು ಬೆಂಗಳೂರಿನಿಂದ. ಆ ಪರಂಪರೆಯನ್ನು ಉದ್ಯಮವಾಗಿ ಬೆಳೆಸುವ ಆಸೆ ಸಹಜ. ಆದರೆ ಫಲಿತಾಂಶವನ್ನೂ ನೇರವಾಗಿ ನೋಡಬೇಕು. ಬೆಂಗಳೂರಿನಲ್ಲೇ ಹುಟ್ಟಿ, ಬೆಂಗಳೂರಿನಲ್ಲೇ ಪ್ರಧಾನ ಕಚೇರಿ ಇಟ್ಟುಕೊಂಡ ಏಥರ್ ತನ್ನ ಕಾರ್ಖಾನೆಯನ್ನು ಗಡಿಯಾಚೆಯ ಹೊಸೂರಿನಲ್ಲಿ ಕಟ್ಟಿತು. ಓಲಾ ಎಲೆಕ್ಟ್ರಿಕ್ ಕೃಷ್ಣಗಿರಿ ಜಿಲ್ಲೆಯಲ್ಲಿ ಕಟ್ಟಿತು. ವಿನ್ಯಾಸ ಮಾಡುವ ಎಂಜಿನಿಯರುಗಳು ಇಲ್ಲಿ, ನಟ್ಟು ಬಿಗಿಯುವ ಸಾವಿರಾರು ಕೈಗಳು ಅಲ್ಲಿ. ಒಂದೂವರೆ ಗಂಟೆ ದೂರದಲ್ಲಿ ಅನುಕೂಲವಾದ ಭೂಮಿ ಮತ್ತು ಅಷ್ಟೇ ಉದಾರ ಸರ್ಕಾರ ಇರುವಾಗ, ಮೊದಲು ನೀತಿ ಬರೆದೆವೆಂಬ ಹೆಗ್ಗಳಿಕೆ ಕಾರ್ಖಾನೆಯನ್ನು ಹಿಡಿದಿಡುವುದಿಲ್ಲ. 2025ರ ಫೆಬ್ರುವರಿಯ ಹೂಡಿಕೆದಾರರ ಸಮಾವೇಶದಲ್ಲಿ ಬಂದ 2025–30ರ ಸ್ವಚ್ಛ ಚಲನಶೀಲತಾ ನೀತಿ 50,000 ಕೋಟಿ ಹೂಡಿಕೆ, ಒಂದು ಲಕ್ಷ ಉದ್ಯೋಗ ಎಂದು ಗುರಿಯನ್ನು ಇನ್ನಷ್ಟು ಎತ್ತರಕ್ಕೆ ಇಟ್ಟಿದೆ.

ಕನ್ನಡಿಗ ಗ್ರಾಹಕರಿಗೆ ರಾಜ್ಯ ಕೊಟ್ಟ ನಿಜವಾದ ಉತ್ತೇಜನ ಜೀವಿತಾವಧಿ ತೆರಿಗೆಯ, ಅಂದರೆ ನೋಂದಣಿಯ ದಿನ ಒಮ್ಮೆಗೇ ಕಟ್ಟುವ ರಸ್ತೆ ತೆರಿಗೆಯ, ವಿನಾಯಿತಿ. 2016ರಲ್ಲಿ ವಿದ್ಯುತ್ ವಾಹನಗಳನ್ನು ಈ ತೆರಿಗೆಯಿಂದ ಪೂರ್ತಿ ಹೊರಗಿಡಲಾಯಿತು. ಇದರ ತೂಕ ತಿಳಿಯಬೇಕಾದರೆ ಪೆಟ್ರೋಲ್ ಕಾರಿನ ಲೆಕ್ಕ ಮಾಡಬೇಕು. ಕರ್ನಾಟಕದಲ್ಲಿ 5 ಲಕ್ಷದವರೆಗಿನ ಕಾರಿಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದರ ಮೇಲೆ ಶೇ 18ರಂತೆ ತೆರಿಗೆ. ಆ ತೆರಿಗೆಯ ಮೇಲೆ ಮತ್ತೆ ಶೇ 11ರಷ್ಟು ಸೆಸ್. 15 ಲಕ್ಷ ರೂಪಾಯಿಯ ಪೆಟ್ರೋಲ್ ಕಾರಿಗೆ ತೆರಿಗೆ 2,55,000, ಸೆಸ್ 28,050, ಒಟ್ಟು 2,83,050 ರೂಪಾಯಿ ಆರ್‌ಟಿಒ ಕಚೇರಿಗೆ ಹೋಗುತ್ತದೆ. ಅದೇ ಬೆಲೆಯ ವಿದ್ಯುತ್ ಕಾರಿಗೆ ಈ ತೆರಿಗೆ ಇರಲಿಲ್ಲ. ದೇಶದಲ್ಲೇ ದುಬಾರಿ ರಸ್ತೆ ತೆರಿಗೆ ಇರುವ ರಾಜ್ಯಗಳ ಸಾಲಿನಲ್ಲಿ ನಾವಿರುವುದರಿಂದ, ಇಲ್ಲಿ ವಿನಾಯಿತಿಯ ಬೆಲೆಯೂ ದೊಡ್ಡದು.

2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದು 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳ ಮೇಲೆ ಶೇ 10ರ ಜೀವಿತಾವಧಿ ತೆರಿಗೆ ಹಾಕಲಾಯಿತು. ಐಷಾರಾಮಿ ಕಾರು ಕೊಳ್ಳುವವರಿಗೆ ವಿನಾಯಿತಿ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ, ಆ ತಿದ್ದುಪಡಿಯ ಉದ್ದೇಶವನ್ನು ನಾನು ಒಪ್ಪುತ್ತೇನೆ. ಒಪ್ಪದಿರುವುದು ಅದರ ಆಕಾರವನ್ನು. ಆ ತಿದ್ದುಪಡಿಯಂತೆ 24.9 ಲಕ್ಷದ ಕಾರಿಗೆ ತೆರಿಗೆ ಸೊನ್ನೆ, 25.1 ಲಕ್ಷದ ಕಾರಿಗೆ 2.51 ಲಕ್ಷ ಎಂದಾಯಿತು. ಬೆಲೆಯಲ್ಲಿ 20,000 ರೂಪಾಯಿ ವ್ಯತ್ಯಾಸವಿದ್ದರೆ ತೆರಿಗೆಯಲ್ಲಿ ಎರಡೂವರೆ ಲಕ್ಷದ ಕಂದಕ. 25 ಲಕ್ಷವನ್ನು ಮೀರಿದ ಭಾಗಕ್ಕೆ ಮಾತ್ರ ತೆರಿಗೆ ಹಾಕಿದ್ದರೆ, ಆದಾಯ ತೆರಿಗೆಯ ಹಂತಗಳಂತೆ, ಈ ಕಂದಕ ಇಳಿಜಾರಾಗುತ್ತಿತ್ತು. ಈ ದರಗಳು ಯಾವುದೇ ಅಧಿವೇಶನದಲ್ಲಿ ಬದಲಾಗಬಹುದಾದ್ದರಿಂದ, ವಾಹನ ಕಾಯ್ದಿರಿಸುವ ವಾರ ಆರ್‌ಟಿಒದಲ್ಲಿ ಆ ದಿನದ ದರ ಕೇಳಿಕೊಳ್ಳದೆ ಹಣ ಕಟ್ಟಬಾರದು.

ಇಂಥ ವಿನಾಯಿತಿಗಳು ಶಾಶ್ವತವಾಗಿ ಯಾಕೆ ನಿಲ್ಲಲಾರವು ಎಂಬುದಕ್ಕೆ ರಾಜ್ಯದ ಬೊಕ್ಕಸದಲ್ಲೇ ಕಾರಣವಿದೆ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿವೆ. ಅವುಗಳ ಮಾರಾಟ ತೆರಿಗೆ ರಾಜ್ಯದ ದೊಡ್ಡ ಆದಾಯಗಳಲ್ಲೊಂದು. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ, 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನದನ್ನು ಶೇ 21.17ಕ್ಕೆ ಏರಿಸಲಾಯಿತು. ಒಂದು ಪೆಟ್ರೋಲ್ ಸ್ಕೂಟರ್ ವಿದ್ಯುತ್ ಸ್ಕೂಟರ್ ಆದಾಗ ಸರ್ಕಾರ ನೋಂದಣಿಯ ದಿನ ಜೀವಿತಾವಧಿ ತೆರಿಗೆ ಕಳೆದುಕೊಳ್ಳುತ್ತದೆ. ಆಮೇಲೆ ಹತ್ತು ಹದಿನೈದು ವರ್ಷ ಆ ಸ್ಕೂಟರ್ ಕುಡಿಯಬೇಕಾಗಿದ್ದ ಪ್ರತಿ ಲೀಟರಿನ ತೆರಿಗೆಯನ್ನೂ ಕಳೆದುಕೊಳ್ಳುತ್ತದೆ. ರಸ್ತೆ ಮಾತ್ರ ಅದೇ ರಸ್ತೆ, ಗುಂಡಿ ಮುಚ್ಚುವ ಖರ್ಚು ಅದೇ ಖರ್ಚು. ವಿದ್ಯುತ್ ವಾಹನಗಳು ನೂರಕ್ಕೆ ಒಂದೆರಡು ಇದ್ದಾಗ ಈ ನಷ್ಟ ಕಾಣುವುದಿಲ್ಲ. ಹತ್ತು, ಇಪ್ಪತ್ತಾದಾಗ ಹಣಕಾಸು ಇಲಾಖೆ ಕಣ್ಣು ಬಿಡುತ್ತದೆ. ಆದ್ದರಿಂದ ವಿನಾಯಿತಿಯನ್ನು ಹಂತಹಂತವಾಗಿ ಹಿಂದೆಗೆಯುವುದು ಅನಿವಾರ್ಯ. ಆದರೆ ಯಾವ ವರ್ಷ ಎಷ್ಟು ಎಂದು ಮೊದಲೇ ಪ್ರಕಟಿಸಿ ಹಿಂದೆಗೆಯುವುದು ಸರ್ಕಾರದ ಕರ್ತವ್ಯ. ಕಂತಿನ ಲೆಕ್ಕ ಹಾಕಿ ಕೊಳ್ಳುವ ಮನೆಗಳಿಗೆ ಇದು ದೊಡ್ಡ ವಿಷಯ.

ಹಸಿರು ಫಲಕ, ಪರ್ಮಿಟ್, ಬ್ಯಾಟರಿ

ನಿಯಮಗಳ ಕಡೆ ಬಂದರೆ ಮೊದಲು ತಿಳಿಯಬೇಕಾದ್ದು ಯಾವುದು ವಾಹನ, ಯಾವುದು ಅಲ್ಲ ಎಂಬುದು. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರುವ ಬ್ಯಾಟರಿ ಸ್ಕೂಟರ್ ಕಾನೂನಿನ ಕಣ್ಣಿಗೆ ಮೋಟಾರು ವಾಹನವಲ್ಲ. ಅದಕ್ಕೆ ನೋಂದಣಿ ಬೇಡ, ಓಡಿಸುವವರಿಗೆ ಲೈಸೆನ್ಸ್ ಬೇಡ. ಈ ಎರಡರಲ್ಲಿ ಒಂದು ಮೀರಿದರೂ ಎಲ್ಲವೂ ಬೇಕು. ‘ಇದಕ್ಕೆ ಆರ್‌ಸಿ ಬೇಕಾಗಿಲ್ಲ’ ಎಂದು ಮಾರಿ, ಆಮೇಲೆ ವೇಗದ ಮಿತಿ ತೆಗೆದುಕೊಡುವ ಮಳಿಗೆಗಳು ಸಣ್ಣ ಊರುಗಳಲ್ಲಿವೆ. ಅಂಥ ಗಾಡಿ ಅಪಘಾತಕ್ಕೆ ಸಿಕ್ಕರೆ ನೋಂದಣಿ, ವಿಮೆ, ಲೈಸೆನ್ಸ್ ಯಾವುದೂ ಇಲ್ಲದ ಅಪರಾಧ ಸವಾರರ ತಲೆಗೇ ಬರುತ್ತದೆ. ಹದಿನೈದರ ಮಕ್ಕಳಿಗೆ ಟ್ಯೂಷನ್‌ಗೆ ಹೋಗಲೆಂದು ಇಂಥ ಗಾಡಿ ಕೊಡಿಸುವ ತಂದೆತಾಯಿಗಳು ಈ ಒಂದು ಸಾಲನ್ನು ದಯವಿಟ್ಟು ಎರಡು ಸಲ ಓದಬೇಕು.

ನೋಂದಣಿಯಾದ ವಿದ್ಯುತ್ ವಾಹನಕ್ಕೆ 2018ರ ನಿಯಮದಂತೆ ಹಸಿರು ಫಲಕ: ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಯದ್ದಾದರೆ ಹಳದಿ ಅಕ್ಷರ. ಅದೇ ವರ್ಷದ ಅಕ್ಟೋಬರ್‌ನ ಇನ್ನೊಂದು ಅಧಿಸೂಚನೆಯಲ್ಲಿ ಬ್ಯಾಟರಿ, ಎಥೆನಾಲ್ ಮತ್ತು ಮೆಥೆನಾಲ್‌ನಿಂದ ಓಡುವ ಬಾಡಿಗೆ ವಾಹನಗಳಿಗೆ ಪರ್ಮಿಟ್ ಬೇಡವೆಂದು ಕೇಂದ್ರ ಹೇಳಿತು. ನೋಂದಣಿ ಶುಲ್ಕದ ವಿನಾಯಿತಿ 2021ರ ಆಗಸ್ಟ್‌ನಲ್ಲಿ ಬಂತು. ಕಾಗದದ ಮೇಲೆ ಪರ್ಮಿಟ್ ವಿನಾಯಿತಿ ಸರಳ ಉತ್ತೇಜನ; ಆಟೊ ನಿಲ್ದಾಣದಲ್ಲಿ ಅದು ಹೊಟ್ಟೆಪಾಡಿನ ಪ್ರಶ್ನೆ. ಬೆಂಗಳೂರಿನಲ್ಲಿ ಆಟೊ ಪರ್ಮಿಟ್‌ಗಳ ಸಂಖ್ಯೆಗೆ ರಾಜ್ಯ ಸರ್ಕಾರ ಮಿತಿ ಹಾಕುತ್ತದೆ, ಆ ಮಿತಿಯಿಂದಾಗಿ ಪರ್ಮಿಟ್‌ಗೆ ಒಂದು ಬೆಲೆ ಬಂದಿದೆ. ಆ ಬೆಲೆ ತೆತ್ತು ಎಲ್‌ಪಿಜಿ ಆಟೊ ಓಡಿಸುವ ಚಾಲಕರ ಪಕ್ಕದಲ್ಲಿ ಪರ್ಮಿಟ್ ಇಲ್ಲದ ವಿದ್ಯುತ್ ಆಟೊ ಬಂದು ನಿಂತಾಗ ಅವರ ಅಸಮಾಧಾನವನ್ನು ಹೊಸತಿನ ವಿರೋಧವೆಂದು ತಳ್ಳಿಹಾಕುವುದು ಅನ್ಯಾಯ. ಕೇಂದ್ರ ಒಂದು ಬಾಗಿಲು ತೆರೆದಾಗ ರಾಜ್ಯ ಹಾಕಿದ ಬೇಲಿಯೊಳಗಿನವರಿಗೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕರ್ನಾಟಕ 2021ರ ಜುಲೈನಲ್ಲಿ ತಂದ ವಿದ್ಯುತ್ ಬೈಕ್ ಟ್ಯಾಕ್ಸಿ ಯೋಜನೆಯೂ ಇಂಥದೇ ತಿಕ್ಕಾಟದಲ್ಲಿ, ಖಾಸಗಿ ಬೈಕುಗಳ ದುರ್ಬಳಕೆ ಮತ್ತು ಮಹಿಳೆಯರ ಸುರಕ್ಷತೆಯ ದೂರುಗಳ ನಡುವೆ, 2024ರ ಮಾರ್ಚ್‌ನಲ್ಲಿ ರದ್ದಾಯಿತು.

ಸುರಕ್ಷತೆಯ ನಿಯಮ ಬಿಗಿಯಾದದ್ದು ಬೆಂಕಿಯ ನಂತರ. 2022ರ ಬೇಸಗೆಯಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳು ಹೊತ್ತಿ ಉರಿದ ಮೇಲೆ ಬ್ಯಾಟರಿಗಳ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ತಿದ್ದಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಅಂತ್ಯದಿಂದ ಎರಡು ಹಂತಗಳಲ್ಲಿ ಜಾರಿಗೊಳಿಸಲಾಯಿತು. ಸೆಕೆಂಡ್ ಹ್ಯಾಂಡ್ ವಿದ್ಯುತ್ ಸ್ಕೂಟರ್ ನೋಡುವವರು ತಯಾರಿಕೆಯ ತಿಂಗಳನ್ನು ಕೇಳಬೇಕಾದ್ದು ಈ ಕಾರಣಕ್ಕೆ.

ಚಾರ್ಜಿಂಗ್: ಬೀದಿಯಲ್ಲಿ ಮತ್ತು ಮನೆಯಲ್ಲಿ

ವಿದ್ಯುತ್ ಮಾರಲು ಲೈಸೆನ್ಸ್ ಬೇಕು; ಹಾಗಾದರೆ ಕಿರಾಣಿ ಅಂಗಡಿಯವರು ಬಾಗಿಲಲ್ಲಿ ಚಾರ್ಜರ್ ಇಟ್ಟರೆ ಅದು ವಿದ್ಯುತ್ ಮಾರಾಟವೇ? ಅಲ್ಲ, ಅದು ಸೇವೆ ಎಂದು ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಆ ಒಂದು ಸ್ಪಷ್ಟನೆ ಸಾವಿರಾರು ಚಾರ್ಜಿಂಗ್ ಕೇಂದ್ರಗಳಿಗೆ ದಾರಿ ಮಾಡಿತು. ಕರ್ನಾಟಕದಲ್ಲಿ ಬೆಸ್ಕಾಂ ಇದರ ನೋಡಲ್ ಸಂಸ್ಥೆ, ವಿದ್ಯುತ್ ದರ ಗೊತ್ತುಮಾಡುವ ರಾಜ್ಯದ ಆಯೋಗವಾದ ಕೆಇಆರ್‌ಸಿ ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ದರ ವರ್ಗವನ್ನೇ ಇಟ್ಟಿದೆ. 2024ರ ಕೊನೆಯ ಹೊತ್ತಿಗೆ ಐದು ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಕೇಂದ್ರಗಳೊಂದಿಗೆ ರಾಜ್ಯ ದೇಶದಲ್ಲೇ ಮುಂದಿತ್ತು. ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇವೆ ಎಂಬುದನ್ನು ಕಲಬುರಗಿಯ ಅಥವಾ ಚಾಮರಾಜನಗರದ ಓದುಗರಿಗೆ ಹೇಳಬೇಕಾಗಿಲ್ಲ.

ಆದರೆ ಹೆಚ್ಚಿನವರು ಚಾರ್ಜ್ ಮಾಡುವುದು ಮನೆಯಲ್ಲಿ. ಈಗಿರುವ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಲು ನಿಯಮದ ಅಡ್ಡಿಯಿಲ್ಲ. ಅಪಾರ್ಟ್‌ಮೆಂಟ್‌ಗಳಲ್ಲಿ ಸಂಘದವರು ‘ಇಲ್ಲಿ ಪ್ಲಗ್ ಹಾಕಬೇಡಿ’ ಎನ್ನುವ ಜಗಳ ಸಾಮಾನ್ಯ. 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ವಾಹನ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕನ್ನು ಗ್ರಾಹಕರಿಗೆ ಕೊಟ್ಟಿವೆ. ಮಹಾನಗರದಲ್ಲಿ ಮೂರು ದಿನ, ಇತರ ಪಟ್ಟಣಗಳಲ್ಲಿ ಏಳು ದಿನ, ಹಳ್ಳಿಗಳಲ್ಲಿ ಹದಿನೈದು ದಿನದೊಳಗೆ ಹೊಸ ಸಂಪರ್ಕ ಕೊಡಬೇಕೆಂಬ ಗಡುವೂ ಅದರಲ್ಲಿದೆ. ಸಂಘದ ಸಭೆಯಲ್ಲಿ ವಾದಕ್ಕಿಳಿಯುವ ಬದಲು ಬೆಸ್ಕಾಂ ಉಪವಿಭಾಗ ಕಚೇರಿಗೆ ಈ ನಿಯಮವನ್ನು ಉಲ್ಲೇಖಿಸಿ ಒಂದು ಅರ್ಜಿ ಕೊಡುವುದು ಹೆಚ್ಚು ಫಲಕಾರಿ.

ಪ್ರತ್ಯೇಕ ಮೀಟರಿಗೆ ಕರ್ನಾಟಕದಲ್ಲಿ ಇನ್ನೊಂದು ಕಾರಣವೂ ಇದೆ, ಅದು ಗೃಹಜ್ಯೋತಿ. ಈ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಪ್ರಮಾಣ ಪ್ರತಿ ಮನೆಗೂ 200 ಯೂನಿಟ್ ಅಲ್ಲ. 2022–23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಆ ಮನೆಯ ಅರ್ಹತೆಯನ್ನು ಗೊತ್ತುಮಾಡಲಾಗಿದೆ. 3 ಯೂನಿಟ್ ಬ್ಯಾಟರಿ ತುಂಬಲು ನಷ್ಟವೂ ಸೇರಿ ಸುಮಾರು ಮೂರೂವರೆ ಯೂನಿಟ್ ಬೇಕು; ತಿಂಗಳಿಗೆ ಹತ್ತು ಸಲ ತುಂಬಿದರೆ 35 ಯೂನಿಟ್. ಸರಾಸರಿ 80 ಯೂನಿಟ್ ಇದ್ದ ಮನೆಯ ಅರ್ಹತೆ 88. ಸ್ಕೂಟರ್ ಬಂದ ಮೇಲೆ ಬಳಕೆ 115 ಆದರೆ 27 ಯೂನಿಟ್‌ಗೆ ಹಣ ಕಟ್ಟಬೇಕು, ಅದು ಪೆಟ್ರೋಲಿನ ಮುಂದೆ ಏನೂ ಅಲ್ಲ. ಆದರೆ ಸರಾಸರಿ 180 ಇದ್ದ ಮನೆ ಸ್ಕೂಟರಿನಿಂದಾಗಿ 215ಕ್ಕೆ ಹೋದರೆ 200ರ ಗೆರೆ ದಾಟಿ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ನಮ್ಮ ಅಕ್ಕನ ಮನೆಯಲ್ಲಿ ಎರಡನೆಯ ಸ್ಕೂಟರ್ ಬಂದ ತಿಂಗಳು ಆದದ್ದು ಇದೇ. ಒಂದು ಇಲಾಖೆ ಪ್ರೋತ್ಸಾಹಿಸಿದ ಬಳಕೆಗೆ ಇನ್ನೊಂದು ಯೋಜನೆ ದಂಡ ಹಾಕಿತು, ಎರಡರ ಉದ್ದೇಶವೂ ಒಳ್ಳೆಯದೇ ಆಗಿದ್ದರೂ.

ಸ್ವಂತ ವಾಹನಕ್ಕಿಂತ ಸಾರ್ವಜನಿಕ ಹಣ ಹೆಚ್ಚು ಜನರನ್ನು ಮುಟ್ಟುವುದು ಬಸ್ಸಿನ ಮೂಲಕ. ಬಿಎಂಟಿಸಿ 2014ರಲ್ಲೇ ವಿದ್ಯುತ್ ಬಸ್ಸನ್ನು ಪ್ರಯೋಗಕ್ಕೆ ಓಡಿಸಿತ್ತು; ನಿಜವಾದ ಬೆಳವಣಿಗೆ ಆದದ್ದು ಗುತ್ತಿಗೆಯ ರೂಪ ಬದಲಾದಾಗ. ಈಗಿನ ಪದ್ಧತಿಯಲ್ಲಿ ಬಸ್ಸೂ ಚಾಲಕರೂ ಖಾಸಗಿ ನಿರ್ವಾಹಕ ಕಂಪನಿಯವರು, ಕಂಡಕ್ಟರ್ ಮತ್ತು ಟಿಕೆಟ್ ಹಣ ನಿಗಮದ್ದು. ನಿಗಮ ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಕೊಡುತ್ತದೆ. ಪಿಎಂ ಇ-ಡ್ರೈವ್‌ನ 10,900 ಕೋಟಿಯಲ್ಲಿ 4,391 ಕೋಟಿ ಬಸ್ಸುಗಳಿಗೇ ಮೀಸಲು, 2025ರ ಹಂಚಿಕೆಯಲ್ಲಿ ಬೆಂಗಳೂರಿಗೆ ಸುಮಾರು 4,500 ಬಸ್ಸುಗಳು ದೊರೆತವು. ಅದು ಆ ಹಂಚಿಕೆಯಲ್ಲಿ ಯಾವ ನಗರಕ್ಕೂ ಸಿಗದಷ್ಟು ದೊಡ್ಡ ಪಾಲು.

ಕಬ್ಬು, ಮೆಕ್ಕೆಜೋಳ, ಹೊಂಗೆ

ಪರ್ಯಾಯ ಇಂಧನವೆಂದರೆ ಬ್ಯಾಟರಿ ಮಾತ್ರವಲ್ಲ. ನಿಮ್ಮ ಪೆಟ್ರೋಲ್ ಬಂಕಿನಲ್ಲಿ ನೀವು ಕೇಳದೆಯೇ ಸಿಗುತ್ತಿರುವ ಪರ್ಯಾಯ ಇಂಧನ ಎಥೆನಾಲ್, ಅಂದರೆ ಕಬ್ಬು, ಮೆಕ್ಕೆಜೋಳದಂಥ ಬೆಳೆಗಳಿಂದ ತೆಗೆದು ಪೆಟ್ರೋಲಿಗೆ ಬೆರೆಸುವ ಮದ್ಯಸಾರ. ಶೇ 20 ಬೆರಕೆಯ ಗುರಿ ಮೊದಲು 2030ಕ್ಕಿತ್ತು. ಆಮೇಲೆ ಅದನ್ನು 2025–26ಕ್ಕೆ ತರಲಾಯಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ದೊರೆತು, 2025ರಲ್ಲಿ ಗುರಿ ಮುಟ್ಟಿತು. ಇಲ್ಲಿನ ಉತ್ತೇಜನ ಪೂರ್ತಿ ಬೇರೆ ರೀತಿಯದು. ಕೇಂದ್ರ ಪ್ರತಿ ವರ್ಷ ಎಥೆನಾಲ್‌ನ ಖರೀದಿ ಬೆಲೆ ಘೋಷಿಸುತ್ತದೆ: 2024–25ರಲ್ಲಿ ಕಬ್ಬಿನ ಹಾಲಿನಿಂದ ಮಾಡಿದ್ದಕ್ಕೆ ಲೀಟರಿಗೆ 65.61, ಮೆಕ್ಕೆಜೋಳದ್ದಕ್ಕೆ 71.86 ರೂಪಾಯಿ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳೂ ಹಾವೇರಿ, ದಾವಣಗೆರೆಯ ಮೆಕ್ಕೆಜೋಳದ ಬೆಳೆಗಾರರೂ ಈ ಅಂಕಿಗಳನ್ನು ಕಾಯುತ್ತಾರೆ. ಮಳೆ ಕೈಕೊಟ್ಟ 2023ರಲ್ಲಿ ಸಕ್ಕರೆ ಕಡಿಮೆಯಾಗುವ ಭಯದಿಂದ ಕೇಂದ್ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ನಿರ್ಬಂಧ ಹಾಕಿ, ಮುಂದಿನ ಆಗಸ್ಟ್‌ನಲ್ಲಿ ತೆರವು ಮಾಡಿತು. ಮದ್ಯಸಾರದ ಮೇಲೆ ರಾಜ್ಯಕ್ಕೂ ಹಿಡಿತವಿದೆ: ಕೈಗಾರಿಕಾ ಮದ್ಯಸಾರವನ್ನೂ ರಾಜ್ಯಗಳು ನಿಯಂತ್ರಿಸಬಹುದು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು.

ಕಾರ್ಖಾನೆಗೆ ಖಾತರಿ ಬೆಲೆ ಸಿಕ್ಕಿತು, ಬಂಕಿನ ಮುಂದೆ ನಿಂತವರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆ ಉಳಿಯುತ್ತದೆ. ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಇ20ಯಿಂದ ಹಳೆಯ ಕಾರುಗಳ ಮೈಲೇಜ್ ಶೇ 6–7ರಷ್ಟು, ದ್ವಿಚಕ್ರಗಳದ್ದು ಶೇ 3–4ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಗ್ರಾಹಕರಿಗೆ ಅದನ್ನು ಸರಿದೂಗಿಸುವಂತೆ ತೆರಿಗೆ ಕಡಿಮೆ ಮಾಡುವ ಸಲಹೆಯೂ ಅಲ್ಲಿತ್ತು. ಮೊದಲ ಮಾತು ನಿಜವಾಯಿತು, ಎರಡನೆಯದು ಬಂಕಿನ ಬೋರ್ಡಿನವರೆಗೆ ಬರಲಿಲ್ಲ. ವಿದ್ಯುತ್ ಸ್ಕೂಟರಿನವರಿಗೆ ಬಿಲ್ಲಿನಲ್ಲಿ ಒಂದು ಸಾಲಾದರೂ ಇತ್ತು.

ಡೀಸೆಲ್ ಕಡೆ ಕರ್ನಾಟಕಕ್ಕೆ ತನ್ನದೇ ಒಂದು ಕಥೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರ ತಂಡ 1990ರ ದಶಕದ ಕೊನೆಯಲ್ಲಿ ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ಕೊಳವೆ ಬಾವಿಯ ನೀರೆತ್ತಿ ತೋರಿಸಿತು. 2009ರಲ್ಲಿ ರಾಜ್ಯ ಜೈವಿಕ ಇಂಧನ ನೀತಿ ತಂದಿತು. ಹೊಲದ ಬದುಗಳಲ್ಲಿ, ಪಾಳು ಭೂಮಿಯಲ್ಲಿ ಹೊಂಗೆ, ಹಿಪ್ಪೆ, ಬೇವು ಬೆಳೆಸುವ ‘ಹಸಿರು ಹೊನ್ನು’, ‘ಬರಡು ಬಂಗಾರ’ ಕಾರ್ಯಕ್ರಮಗಳು ಬಂದವು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಉದ್ಯಾನವನ್ನೇ ಕಟ್ಟಿತು. ಸಸಿ ಕೊಟ್ಟರು, ತರಬೇತಿ ಕೊಟ್ಟರು. ಎಥೆನಾಲ್‌ಗೆ ಸಿಕ್ಕಂಥ, ಪ್ರತಿ ವರ್ಷ ಘೋಷಿಸುವ, ಕೊಳ್ಳಲೇಬೇಕಾದ ಬೆಲೆಯೊಂದನ್ನು ಮಾತ್ರ ಹೊಂಗೆ ಬೀಜಕ್ಕೆ ಯಾರೂ ಕೊಡಲಿಲ್ಲ. 2030ಕ್ಕೆ ಡೀಸೆಲ್‌ನಲ್ಲಿ ಶೇ 5 ಜೈವಿಕ ಡೀಸೆಲ್ ಬೆರೆಸುವ ರಾಷ್ಟ್ರೀಯ ಗುರಿಯಿದ್ದರೂ ಬೆರಕೆ ಶೇ 1ರ ಕೆಳಗೇ ತೆವಳಿದೆ. ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ರಸ್ತೆಬದಿಯ ಹೊಂಗೆ ಮರಗಳು ಈಗಲೂ ಬೇಸಗೆಯಲ್ಲಿ ಕಾಯಿ ಉದುರಿಸುತ್ತವೆ. ಆರಿಸಿಕೊಳ್ಳುವ ಹೆಂಗಸರು ಅದನ್ನು ತೂಕಕ್ಕೆ ಹಾಕುವುದು ಎಣ್ಣೆ ಮತ್ತು ಗೊಬ್ಬರದ ಹಿಂಡಿಯ ವ್ಯಾಪಾರಿಗೆ, ಅವರು ಹೇಳಿದ ಬೆಲೆಗೆ.